ಎರಡು ಮಾತ್ರೆ ಇದ್ದರೆ ಕೊಡಮ್ಮ

ಎದುರುಮನೆ ಅಕ್ಕ ನಮ್ಮ ಬೀದಿಗೇ ದೊಡ್ಡ ಆಸರೆ. ಯಾರಿಗೆ ಜ್ವರ ಬಂದರೂ ಮೊದಲು ಗಂಜಿ ಹೋಗುವುದು ಅವರ ಅಡುಗೆಮನೆಯಿಂದ. ಅಂಥವರು ಮೊನ್ನೆ ಸಂಜೆ ಗೇಟಿನ ಹತ್ತಿರ ನಿಂತು, ಹೆಪ್ಪಿಗೆ ಒಂದು ಚಮಚ ಮೊಸರು ಕೇಳುವಷ್ಟು ಸಲೀಸಾಗಿ ಕೇಳಿದರು: "ನಿನ್ನ ಮಗಂಗೆ ಬೆಳಿಗ್ಗೆ ಕೊಡ್ತೀಯಲ್ಲ, ಗಮನ ನಿಲ್ಲೋ ಮಾತ್ರೆ, ಅದು ಎರಡು ಇದ್ರೆ ಕೊಡಮ್ಮ. ನಮ್ಮೋನಿಗೆ ನೀಟ್ ಹತ್ರ ಬಂತು. ಪುಸ್ತಕ ಹಿಡಿದ್ರೆ ಹತ್ತು ನಿಮಿಷ ಕೂರಲ್ಲ."

"ಇಲ್ಲ ಅಕ್ಕ, ಅದನ್ನ ಕೊಡಕ್ಕಾಗಲ್ಲ" ಅಂದೆ. ಅವರ ಮುಖ ಸಣ್ಣದಾಯಿತು. ಎರಡು ಮಾತ್ರೆಗೆ ಇಷ್ಟು ಬಿಗಿಯೇ ಅಂದುಕೊಂಡಿರಬೇಕು. ಅವರು ಹೋದ ಮೇಲೂ ಅದೇ ಕೊರೆಯುತ್ತಿತ್ತು.

ಅವರನ್ನು ದೂರುವ ಮನಸ್ಸು ನನಗಿಲ್ಲ. ನಮ್ಮಲ್ಲಿ ಮಾತ್ರೆ ಕೊಡುವುದೂ ಅಕ್ಕರೆಯ ಲೆಕ್ಕಕ್ಕೇ ಸೇರಿದೆ. ಮದುವೆ ಮನೆಯಲ್ಲಿ "ತಲೆ ಸಿಡೀತಿದೆ" ಅಂತ ಒಂದು ಸಲ ಹೇಳಿ ನೋಡಿ. ನಾಲ್ಕು ಪರ್ಸಿನ ಜಿಪ್ಪು ಒಟ್ಟಿಗೇ ತೆರೆಯುತ್ತದೆ. "ಅವಳದ್ದು ಬೇಡ, ಹೊಟ್ಟೆ ಉರಿಯುತ್ತೆ, ನಂದು ತಗೋ" ಅಂತ ಚಿಕ್ಕಮ್ಮ ದೊಡ್ಡಮ್ಮನ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ಅಜ್ಜಿಯ ಬಿಸ್ಕತ್ತಿನ ಡಬ್ಬಿ ತೆರೆದರೆ ಅರ್ಧರ್ಧ ಕತ್ತರಿಸಿದ ಶೀಟುಗಳು. ತೀರಿಹೋದ ಅಜ್ಜನ ಬಿ.ಪಿ. ಮಾತ್ರೆಯೂ ಅದರಲ್ಲೇ ಇರುತ್ತದೆ, ಯಾರಿಗಾದರೂ ಬೇಕಾದೀತು ಅಂತ. ಪ್ಯಾರಾಸಿಟಮಾಲ್ ಮಟ್ಟಿಗೆ ಈ ಕೊಡುಕೊಳ್ಳುವಿಕೆ ಹೇಗೋ ನಡೆದುಹೋಗುತ್ತದೆ. ನನ್ನ ಮಗ ನುಂಗುವ ಮಿಥೈಲ್‌ಫೆನಿಡೇಟ್ ಮಟ್ಟಿಗೆ ನಡೆಯುವುದಿಲ್ಲ.

ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಇದೆ. ಆ ಮಾತ್ರೆ ಅವನ ಬಾಯಿಗೆ ಬೀಳುವ ಮುಂಚೆ ಎಷ್ಟೊಂದು ಪ್ರಶ್ನೆಗಳಿದ್ದವು! ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದಾರಾ? ಆಡುವಾಗ ಇವನಿಗೆ ಎದೆನೋವು ಬಂದಿದೆಯಾ, ಕಣ್ಣು ಕತ್ತಲಿಟ್ಟು ಬಿದ್ದಿದ್ದಾನಾ? ಬೇರೆ ಯಾವ ಔಷಧಿ ನಡೆಯುತ್ತಿದೆ? ತೂಕ, ಎತ್ತರ, ಬಿ.ಪಿ., ನಾಡಿ ಎಲ್ಲ ನೋಡಿ ಬರೆದುಕೊಂಡ ಮೇಲೆ ಡಾಕ್ಟರು ಬರೆದದ್ದು ಬರೀ 5 ಮಿಲಿಗ್ರಾಂ. ಅಲ್ಲಿಂದ ವಾರವಾರ ನೋಡಿಕೊಂಡು ಮೆಲ್ಲಗೆ ಏರಿಸಿದರು. ಈಗಲೂ ಹೋದಾಗಲೆಲ್ಲ ಅದೇ ಅಳತೆ, ಅದೇ ಚಾರ್ಟು. ಈ ಔಷಧಿ ನಾಡಿ ಮತ್ತು ರಕ್ತದೊತ್ತಡವನ್ನು ತುಸು ಏರಿಸುತ್ತದೆ, ಹಸಿವು ಕುಗ್ಗಿಸುತ್ತದೆ; ಕೆಲವು ಮಕ್ಕಳು ಬೆಳೆಯುವ ವೇಗವೂ ತಗ್ಗುತ್ತದೆ.

ಹಸಿವಿನ ಸಂಗತಿ ನನಗೆ ಗೊತ್ತಾಗುವುದು ಟಿಫಿನ್ ಡಬ್ಬಿಯಲ್ಲಿ. ಚಿತ್ರಾನ್ನ ಅಂದರೆ ಪ್ರಾಣ ಬಿಡುವ ಹುಡುಗ ಮಧ್ಯಾಹ್ನದ ಡಬ್ಬಿಯನ್ನು ಮುಕ್ಕಾಲು ಪಾಲು ಹಾಗೇ ತರುತ್ತಾನೆ. ಕಡಲೆಬೀಜ ಮಾತ್ರ ಆರಿಸಿ ತಿಂದಿರುತ್ತಾನೆ. ಅದಕ್ಕೇ ನಮ್ಮ ಮನೆಯಲ್ಲಿ ಮೊದಲು ಹೊಟ್ಟೆ ತುಂಬ ತಿಂಡಿ, ಆಮೇಲೆ ಮಾತ್ರೆ. ಸಂಜೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಒಂದಿಷ್ಟು ಸಿಡುಕು, ಹಿಂದೆಯೇ ಹಸಿವು. ಆಗ ಕಾವಲಿ ಕಾದಿರಬೇಕು. ಬೆಳಿಗ್ಗೆ ಮರೆತರೆ ಮಧ್ಯಾಹ್ನದ ಮೇಲೆ ಕೊಡುವಂತಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ಮರುದಿನ ಎರಡು ನುಂಗಿಸಿ ಸರಿದೂಗಿಸುವಂತೆಯೂ ಇಲ್ಲ. ಅವನದ್ದು ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಬಗೆ. ಅಗಿದರೆ, ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೇರುತ್ತದೆ. ನೆಗಡಿ ಬಂದಾಗಲೂ ಅಂಗಡಿಯವರು ಕೊಟ್ಟ ಮೂಗುಕಟ್ಟಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡುವುದಿಲ್ಲ, ಅಂಥ ಕೆಲವು ಮಾತ್ರೆಗಳೂ ಬಿ.ಪಿ. ಏರಿಸುತ್ತವೆ.

ಸರ್ಕಾರವೂ ಇದನ್ನು ಸುಮ್ಮನೆ ಬಿಟ್ಟಿಲ್ಲ. ಇದು ಷೆಡ್ಯೂಲ್ ಎಕ್ಸ್ ಔಷಧಿ. ಮಾರುವುದಕ್ಕೆ ಅಂಗಡಿಗೆ ಬೇರೆಯದೇ ಲೈಸೆನ್ಸು ಬೇಕು. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಅವರು ಬೀರುವಿನ ಬೀಗ ತೆಗೆದು ಎಣಿಸಿ ಕೊಡುವಾಗ, ನಾವೂ ಮನೆಯಲ್ಲಿ ಬೀಗ ಹಾಕಿ ಎಣಿಸಿಡಬೇಕಾದ ವಸ್ತು ಇದು ಅನ್ನಿಸುತ್ತದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದರ ಹೆಸರಿದೆ. ಅಕ್ಕನಿಗೆ ಇದನ್ನೆಲ್ಲ ಹೇಳಿದ್ದರೆ ಹೆದರುತ್ತಿದ್ದರು. ಹೆದರಿಸುವುದು ನನಗೆ ಬೇಕಿರಲಿಲ್ಲ.

ಪರೀಕ್ಷೆಗೂ ಈ ಜಾತಿಯ ಮಾತ್ರೆಗೂ ಗಂಟು ಹಾಕಿದವರಲ್ಲಿ ಅಕ್ಕ ಮೊದಲನೆಯವರೇನಲ್ಲ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಜಾರ್ಜ್ ಬ್ರ್ಯಾಡ್ಲಿ ಎಂಬ ಸಿರಿವಂತರಿದ್ದರು. ಅವರಿಗೆ ಒಬ್ಬಳೇ ಮಗಳು, ಎಮ್ಮಾ. ಏಳನೇ ವಯಸ್ಸಿನಲ್ಲಿ ಮೆದುಳಿನ ಉರಿಯೂತ ಬಂದು ಆ ಹುಡುಗಿ ಮತ್ತೆ ಮೊದಲಿನಂತಾಗಲೇ ಇಲ್ಲ. ಅವಳಿಗೆ ಸಿಗದ ಆರೈಕೆ ಬೇರೆಯವರ ಮಕ್ಕಳಿಗಾದರೂ ಸಿಗಲಿ ಎಂದು ಬ್ರ್ಯಾಡ್ಲಿ ಮನೆ, ಆಸ್ತಿಯನ್ನೆಲ್ಲ ಆಸ್ಪತ್ರೆಗೆಂದು ಉಯಿಲು ಬರೆದಿಟ್ಟರು. ಅದು ಮಕ್ಕಳ ಮಾನಸಿಕ ಆಸ್ಪತ್ರೆಯಾಗಿ 1931ರಲ್ಲಿ ತೆರೆಯಿತು. ಹೆಸರು ಎಮ್ಮಾಳದ್ದೇ. ಆ ತಂದೆಯನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅಲ್ಲಿಗೆ ವೈದ್ಯರಾಗಿ ಬಂದವರು ಅದೇ ಮನೆತನದ ಚಾರ್ಲ್ಸ್ ಬ್ರ್ಯಾಡ್ಲಿ. ಆಗ ಮೆದುಳಿನ ಚಿತ್ರ ತೆಗೆಯಬೇಕೆಂದರೆ ಬೆನ್ನಿಗೆ ಸೂಜಿ ಚುಚ್ಚಿ, ಬೆನ್ನುಹುರಿಯ ದ್ರವ ಹೊರತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ಹಿಡಿಯುತ್ತಿದ್ದರು. ಮಕ್ಕಳಿಗೆ ಆಮೇಲೆ ತಡೆಯಲಾರದ ತಲೆನೋವು. ದ್ರವ ಬೇಗ ತುಂಬಿಕೊಂಡೀತು ಎಂದು ಬ್ರ್ಯಾಡ್ಲಿ ಬೆಂಜೆಡ್ರಿನ್ ಕೊಟ್ಟು ನೋಡಿದರು. ಅದು ಆಂಫೆಟಮಿನ್, ನನ್ನ ಮಗನ ಮಾತ್ರೆಗೆ ದಾಯಾದಿ. ತಲೆನೋವು ಹೆಚ್ಚೇನೂ ತಗ್ಗಲಿಲ್ಲ. ಆದರೆ ಕೆಲವು ಮಕ್ಕಳು ತರಗತಿಯಲ್ಲಿ ಕೂತು ಪಾಠ ಮಾಡಿಕೊಳ್ಳತೊಡಗಿದರು. ಆಗ ಅವರು 5ರಿಂದ 14 ವರ್ಷದ 30 ಮಕ್ಕಳಿಗೆ ಒಂದು ವಾರ ಆ ಔಷಧಿ ಕೊಟ್ಟು, ಪ್ರತಿಯೊಬ್ಬರನ್ನೂ ಗಮನಿಸಿ 1937ರಲ್ಲಿ ಪ್ರಬಂಧ ಪ್ರಕಟಿಸಿದರು. 14 ಮಕ್ಕಳ ಓದಿನಲ್ಲಿ ಎದ್ದು ಕಾಣುವ ಬದಲಾವಣೆಯಾಗಿತ್ತು. ಲೆಕ್ಕ ಸಲೀಸಾಗಿ ಬರುತ್ತಿದ್ದುದರಿಂದ ಮಕ್ಕಳು ಅದನ್ನು ಲೆಕ್ಕದ ಮಾತ್ರೆ ಅಂತಲೇ ಕರೆದರು.

ಎಲ್ಲರೂ ಹೇಳುವುದು ಆ 14 ಮಕ್ಕಳ ಕಥೆ. ನನ್ನ ಮನಸ್ಸು ಹೋಗುವುದು ಉಳಿದ 16 ಮಕ್ಕಳ ಕಡೆಗೆ. ಒಂದೇ ಸೂರು, ಅದೇ ಮಾತ್ರೆ, ಅದೇ ವಾರ. ಆದರೂ ಅವರಿಗೆ ಅಂಥ ಗುಣ ಸಿಗಲಿಲ್ಲ. ಅದು ತಿಳಿದದ್ದು ಒಬ್ಬ ವೈದ್ಯರು ಒಂದೊಂದು ಮಗುವನ್ನೂ ಹತ್ತಿರದಿಂದ ನೋಡುತ್ತಿದ್ದುದರಿಂದ. ಮಿಥೈಲ್‌ಫೆನಿಡೇಟ್ ಬಂದದ್ದು ಆಮೇಲೆ, 1944ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದನ್ನು ತಯಾರಿಸಿದ ಲಿಯಾಂಡ್ರೊ ಪನಿಜೋನ್ ಅವರ ಹೆಂಡತಿ ರೀಟಾ ಟೆನಿಸ್ ಆಡುವ ಮುಂಚೆ ಅದನ್ನು ತೆಗೆದುಕೊಳ್ಳುತ್ತಿದ್ದರಂತೆ. ರಿಟಾಲಿನ್ ಎಂಬ ಹೆಸರು ಬಂದದ್ದೂ ಅವರಿಂದಲೇ.

ಎಡಿಎಚ್‌ಡಿ ಇಲ್ಲದವರು ನುಂಗಿದರೆ ಬುದ್ಧಿ ಚುರುಕಾಗುತ್ತದೆಯೇ? 2023ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 40 ಮಂದಿ ಆರೋಗ್ಯವಂತರಿಗೆ ಇಂಥ ಔಷಧಿಗಳನ್ನು ಕೊಟ್ಟು ಒಂದು ಲೆಕ್ಕ ಬಿಡಿಸಲು ಹೇಳಿದ್ದರು. ಚೀಲ ಹೊರುವ ತೂಕ ಇಷ್ಟೇ. ಯಾವ್ಯಾವ ವಸ್ತು ತುಂಬಿದರೆ ಒಟ್ಟು ಬೆಲೆ ಹೆಚ್ಚುತ್ತದೆ? ಮಾತ್ರೆ ನುಂಗಿದವರು ಹೆಚ್ಚು ಹೊತ್ತು ಹೆಣಗಿದರು, ಹೆಚ್ಚು ಸಲ ತುಂಬಿ ತೆಗೆದರು, ಆದರೆ ಅವರ ಆಯ್ಕೆಗಳ ಗುಣಮಟ್ಟ ಇಳಿದಿತ್ತು. ಶ್ರಮ ಏರಿತು, ಜಾಣತನ ಏರಲಿಲ್ಲ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಅನ್ನುವುದನ್ನು ಅಕ್ಕನ ಮಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವನ ಎದೆಬಡಿತ ಯಾರು ನೋಡಿದ್ದಾರೆ? ರಾತ್ರಿ ಎರಡು ಗಂಟೆಯವರೆಗೆ ಫ್ಲಾಸ್ಕಿನ ಕಾಫಿ ಕುಡಿದು ಓದುವ ಹುಡುಗ. ಅದರ ಮೇಲೆ ಈ ಮಾತ್ರೆಯೂ ಬಿದ್ದರೆ ನಿದ್ದೆ ಪೂರ್ತಿ ಹಾರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೆಲವರಿಗೆ ವಿಪರೀತ ಗಾಬರಿಯಾಗುತ್ತದೆ. ಒಂದಕ್ಕೆ ಸಾಲದೆಂದು ಇನ್ನೊಂದು ನುಂಗುವ ಚಟವೂ ಹೀಗೇ ಹತ್ತುವುದು. 2023ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಎಚ್ಚರಿಕೆಯನ್ನು ಬಿಗಿಗೊಳಿಸಿ, ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಹೇಳಿತು. ಬೇರೆಯವರ ಮಾತ್ರೆ ನುಂಗುವವರಿಗೆ ಅದು ಹೆಚ್ಚಾಗಿ ಸಿಗುವುದು ಗೆಳೆಯರಿಂದ, ಮನೆಯವರಿಂದ.

ಇನ್ನೊಂದು ಬಗೆಯ ನೆಂಟರಿದ್ದಾರೆ. "ಮಗೂಗೆ ಅದನ್ನ ಕೊಡ್ಬೇಡ್ವೇ, ಚಟ ಆಗತ್ತೆ, ಹಬ್ಬದ ದಿನವಾದ್ರೂ ಬಿಡು" ಅನ್ನುವವರು. ಅವರಿಗೂ ನನ್ನ ಉತ್ತರ ಒಂದೇ: ಹೆಚ್ಚಿಸುವುದು, ಇಳಿಸುವುದು, ರಜೆಯಲ್ಲಿ ಬಿಡುವುದು, ಎಲ್ಲ ಇವನನ್ನು ನೋಡುವ ಡಾಕ್ಟರು ಹೇಳಬೇಕು. ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಇಲ್ಲದ್ದು ಕಂಡಂತೆ ಕೇಳಿದಂತೆ ಆದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಈ ಮಾತ್ರೆ ಇರುವ ಮನೆಯವರಲ್ಲಿ ನನ್ನದೊಂದು ಬೇಡಿಕೆ. ಯಾರೇ ಕೇಳಿದರೂ ಇಲ್ಲ ಅನ್ನಿ, ಆದರೆ ಅಷ್ಟಕ್ಕೇ ಬಾಗಿಲು ಹಾಕಿಕೊಳ್ಳಬೇಡಿ. ಹತ್ತು ನಿಮಿಷ ಕೂರಲಾರದ ಆ ಹುಡುಗನಿಗೆ ನಿದ್ದೆಗೇಡಿರಬಹುದು, ಪರೀಕ್ಷೆಯ ಭಯವಿರಬಹುದು, ಯಾರೂ ಗುರುತಿಸದ ಎಡಿಎಚ್‌ಡಿಯೇ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಮೊದಲು ಟೆಲಿ ಮಾನಸ್‌ಗೆ ಫೋನ್ ಮಾಡಬಹುದು: 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ.