ನೀರಿಲ್ಲದ ಜಲಪಾತಕ್ಕೆ ಗೈಡ್ ಆಗಿದ್ದು

ಈ ಹುಚ್ಚು ನನಗೆ ಹತ್ತಿದ್ದು ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ. ಮಗಳು ಆಗ ಚಿಕ್ಕವಳು. ಅರಮನೆ ಸುತ್ತಿ ಕಾಲುನೋವು ಅಂತ ರಚ್ಚೆ ಹಿಡಿದಿದ್ದಳು. ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹತ್ತಿರವೇ ಇದೆಯಲ್ಲ ಅಂತ ಒಳಗೆ ಕರೆದುಕೊಂಡು ಹೋದೆ. 1979ರಲ್ಲಿ ಶುರುವಾದ ಜಾಗ ಅದು. ಹಳೆಯ ಉಗಿ ಎಂಜಿನ್ನುಗಳು, ಮಹಾರಾಣಿಯವರ ಸಲೂನ್ ಬೋಗಿ, ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಪುಟ್ಟ ರೈಲು. ಅವಳ ಕಾಲುನೋವು ಮಾಯ. ಹೊರಡುವ ಹೊತ್ತಿಗೆ, "ಅಪ್ಪ, ಅರಮನೆಗಿಂತ ಇದೇ ಚೆನ್ನಾಗಿದೆ" ಅಂದಳು.

ಆ ಒಂದು ಮಾತು ನನ್ನ ತಲೆ ಕೆಡಿಸಿತು. ಹಳೆಯ ಯಂತ್ರ, ಹಳೆಯ ಕಾರ್ಖಾನೆಗಳ ಬಗ್ಗೆ ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುವ ವಿಶೇಷ ಶಕ್ತಿ ನನಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಅವಳಿಗೆ ಹಿಡಿಸಿದ್ದು ಹತ್ತಿ ಇಳಿಯಲು ಸಿಕ್ಕ ಮೆಟ್ಟಿಲು, ತಿರುಗಿಸಲು ಸಿಕ್ಕ ಹಿಡಿಕೆ. ನಾನು ಪಕ್ಕದಲ್ಲಿ ನಿಂತು ಬಾಯ್ಲರ್ ಬಗ್ಗೆ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿದ್ದಿರಲೂ ಇಲ್ಲ.

ಅಲ್ಲಿಂದ ನಮ್ಮ ಮನೆಯ ರಜೆಗಳು ಕೆಟ್ಟವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಎಚ್‌ಎಎಲ್‌ನ ವಿಮಾನಗಳು, ಎಲ್ಲ ಆಯಿತು. ಮಂಗಳೂರಿಗೆ ಮದುವೆಗೆ ಹೋದಾಗ ನೆಂಟರೆಲ್ಲ ಪಣಂಬೂರು ಬೀಚಿಗೆ ಹೊರಟರೆ ನಾನು ಹೆಂಡತಿಯನ್ನು ಹಂಚಿನ ಕಾರ್ಖಾನೆಯೊಂದರ ಹೊಗೆಕೊಳವೆ ತೋರಿಸಲು ಕರೆದೊಯ್ದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರು ಮಾಡಿದ ಕಸುಬು, ನಮ್ಮಜ್ಜಿ ಮನೆಯ ಮಾಡಿನ ಮೇಲೂ ಇದೇ ಹಂಚು ಅಂತೆಲ್ಲ ಹೇಳಿದೆ. ಅವಳು ಒಮ್ಮೆ ಕೊಳವೆಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ರೀ, ಇಲ್ಲಿಂದ ಬೀಚಿಗೆ ಆಟೋ ಸಿಗುತ್ತಾ?" ಅಂದಳು.

ಅದು ಗಂಡ ಹೆಂಡತಿ ನಡುವಿನ ವಿಷಯ, ಅಲ್ಲಿಗೇ ಮುಗಿಯಿತು. ಶಿವನಸಮುದ್ರ ಹಾಗಲ್ಲ. ಅಲ್ಲಿ ನನ್ನ ಮಾನ ಹೋದದ್ದು ಎರಡು ಸಂಸಾರದ ಎದುರಿಗೆ, ಅತ್ತೆಯವರ ಸಮಕ್ಷಮ.

ಏಪ್ರಿಲ್ ತಿಂಗಳು. ಮಕ್ಕಳ ಪರೀಕ್ಷೆ ಮುಗಿದಿತ್ತು. ಭಾವಮೈದ ಹೆಂಡತಿ ಮಕ್ಕಳನ್ನು ಕರೆದುಕೊಂಡು ದಾವಣಗೆರೆಯಿಂದ ಬಂದಿದ್ದ. ಮಕ್ಕಳೆಲ್ಲ ವಂಡರ್‌ಲಾ ಅಂತ ಕುಣಿಯುತ್ತಿದ್ದರು. ನಾನು ಅಡ್ಡ ಬಂದೆ. ಶಿವನಸಮುದ್ರಕ್ಕೆ ಹೋದರೆ ಮಕ್ಕಳಿಗೆ ಗಗನಚುಕ್ಕಿ ಜಲಪಾತ, ಅತ್ತೆಗೆ ಮಧ್ಯರಂಗನ ದರ್ಶನ, ಎಲ್ಲರಿಗೂ ನೂರು ವರ್ಷ ದಾಟಿದ ವಿದ್ಯುದಾಗಾರ. ಮಳೆಗಾಲದಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಈಗ ಹೋದರೆ ಒಂದು ನರಪಿಳ್ಳೆಯೂ ಇರುವುದಿಲ್ಲ ಅಂತ ವಾದ ಮಾಡಿ ಗೆದ್ದೆ. ಯಾಕೆ ಇರುವುದಿಲ್ಲ ಅನ್ನುವ ಪ್ರಶ್ನೆ ನನಗೆ ಬರಲಿಲ್ಲ. ಬೇರೆ ಯಾರಿಗೂ ಬರದ ಹಾಗೆ ನಾನೇ ಮಾತಾಡುತ್ತಿದ್ದೆ.

ಟಿಟಿ ಬುಕ್ ಮಾಡಿದೆ. ರಾತ್ರಿ ಕೂತು ಟಿಪ್ಪಣಿ ಬರೆದು ಪ್ರಿಂಟು ತೆಗೆದೆ. ಮಕ್ಕಳಿಗೆ ಕ್ವಿಜ್, ಗೆದ್ದವರಿಗೆ ಚಾಕೊಲೇಟು. ಮೈಸೂರು ಸಂಸ್ಥಾನದ ಎಂಜಿನಿಯರ್ ಜೋಲಿ ದ ಲೋಬಿನಿಯೇರ್ ಅವರ ಹೆಸರನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ.

ಕನಕಪುರ ರಸ್ತೆ ಹಿಡಿಯುತ್ತಿದ್ದಂತೆ ಡ್ರೈವರ್ ಪಕ್ಕದ ಸೀಟಿನಿಂದ ಹಿಂದಕ್ಕೆ ತಿರುಗಿ ಶುರು ಮಾಡಿದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಕೋಲಾರದ ಚಿನ್ನದ ಗಣಿಯಲ್ಲಿ ಯಂತ್ರಗಳೆಲ್ಲ ಉಗಿಯ ಮೇಲೆ ನಡೆಯುತ್ತಿದ್ದವು, ಸೌದೆ ಕಲ್ಲಿದ್ದಲು ಎಷ್ಟು ಸುರಿದರೂ ಸಾಲದು. ಕಾವೇರಿಯನ್ನು ಪೈಪಿನಲ್ಲಿ ಸುಮಾರು 400 ಅಡಿ ಕೆಳಕ್ಕೆ ಬಿಟ್ಟು, ಆ ರಭಸದಲ್ಲಿ ವಿದ್ಯುತ್ ಮಾಡಿ, 92 ಮೈಲಿ ದೂರದ ಗಣಿಗೆ ತಂತಿಯಲ್ಲಿ ಕಳಿಸುವುದು. ಅಷ್ಟು ಉದ್ದದ ಲೈನು ಆಗ ಜಗತ್ತಿನಲ್ಲೇ ಅಪರೂಪ. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. 1902ರ ಜೂನ್ 30ಕ್ಕೆ ಕರೆಂಟು ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ನಾವು.

"ಏಷ್ಯಾ ಖಂಡದಲ್ಲೇ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ" ಅಂತ ಗಂಟಲು ಏರಿಸಿದೆ. ಶಾಲೆಯಲ್ಲಿ ಕಲಿತದ್ದು, ಎಲ್ಲರೂ ಹೇಳುವುದೂ ಅದನ್ನೇ. ಭಾವಮೈದನ ಮಗ ಫೋನಿನಿಂದ ತಲೆಯೆತ್ತಿ, "ಮಾಮ, ಡಾರ್ಜಿಲಿಂಗ್ ಹತ್ರ ಸಿದ್ರಾಪಾಂಗ್ ಅಂತ ಇದೆಯಂತೆ, 1897. ಜಪಾನಿನಲ್ಲಿ 1891ರಲ್ಲೇ ಇತ್ತಂತೆ" ಅಂದ. "ಡಾರ್ಜಿಲಿಂಗಿನದು ಬಹಳ ಸಣ್ಣದು ಕಣೋ" ಅಂದೆ. ಅದು ನಿಜವೇ. ಆದರೆ ಮೊದಲನೆಯದು ಅಂದಮೇಲೆ ಸಣ್ಣದು ದೊಡ್ಡದು ಅನ್ನುವ ಲೆಕ್ಕ ಎಲ್ಲಿ ಬಂತು ಅಂತ ಅವನು ಕೇಳಲಿಲ್ಲ. ಒಳ್ಳೆಯ ಹುಡುಗ.

ಸೋಲೊಪ್ಪದೆ ರಸ್ತೆಬದಿಯ ದೊಡ್ಡ ಪೈಪುಗಳಿಗೆ ಹಾರಿದೆ. ಶಿವನಸಮುದ್ರದ ಹತ್ತಿರ ಎತ್ತಿದ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪಾಗಿ, ನೂರು ಕಿಲೋಮೀಟರು ಹತ್ತಿಕೊಂಡು ನಮ್ಮ ಬೆಂಗಳೂರಿನ ನಲ್ಲಿಗೆ ಬರುವುದು ಇದರಲ್ಲೇ ಅಂತ ತೋರಿಸಿದೆ. ಮಳವಳ್ಳಿ ಬರುವ ಹೊತ್ತಿಗೆ ಕನ್ನಂಬಾಡಿಗೆ ಬಂದಿದ್ದೆ. 1911ರಲ್ಲಿ ಕಟ್ಟೆ ಶುರು ಮಾಡಿದ್ದು ಬರೀ ವ್ಯವಸಾಯಕ್ಕಲ್ಲ, ಬೇಸಿಗೆಯಲ್ಲಿ ಕಾವೇರಿ ಸೊರಗಿ ಶಿವನಸಮುದ್ರದಲ್ಲಿ ವಿದ್ಯುತ್ ಕಡಿಮೆಯಾಗಬಾರದು ಅಂತಲೂ ಹೌದು ಅಂದೆ. ಬೇಸಿಗೆಯಲ್ಲಿ ಕಾವೇರಿ ಸೊರಗಿ. ನನ್ನ ಬಾಯಿಂದಲೇ ಬಂದ ಮಾತು. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು.

ಗಗನಚುಕ್ಕಿಯ ವೀಕ್ಷಣಾ ಕಟ್ಟೆಗೆ ಮಕ್ಕಳು ಓಡಿದರು. ಓಡಿದವರು ಅಲ್ಲೇ ನಿಂತರು. ನಾನು ದೊಡ್ಡ ಹೆಜ್ಜೆ ಹಾಕಿಕೊಂಡು ಹೋಗಿ, ಕೈ ಚಾಚಿ, "ನೋಡಿ!" ಅಂದೆ. ಎದುರಿಗೆ ಬಂಡೆ. ಮೇಲಿಂದ ಕೆಳಗಿನವರೆಗೆ ಒಣ ಬಂಡೆ. ಒಂದು ಮೂಲೆಯಲ್ಲಿ ವಾಷರ್ ಹೋದ ನಲ್ಲಿಯಿಂದ ಬರುವಷ್ಟು ನೀರು ಇಳಿಯುತ್ತಿತ್ತು. ಚಾಚಿದ ಕೈಯನ್ನು ಏನು ಮಾಡುವುದು ಅಂತ ತಿಳಿಯದೆ ಅದರಲ್ಲೇ ಬೆವರು ಒರೆಸಿಕೊಂಡೆ. ನಾನು ಹೇಳಿದ್ದು ಖರೆ, ಅಲ್ಲಿ ನರಪಿಳ್ಳೆ ಇರಲಿಲ್ಲ. ಜೋಳದ ಗಾಡಿಯವನೂ ಇರಲಿಲ್ಲ.

"ನೀರೆಲ್ಲ ಎಲ್ಲಿ ಹೋಯ್ತಪ್ಪ?" ಅಂದಳು ಮಗಳು.

ನಾನು ಬಾಯಿ ತೆರೆಯುವ ಮೊದಲೇ ಆ ಒಳ್ಳೆಯ ಹುಡುಗ ಉತ್ತರ ಕೊಟ್ಟ. "ಮಾಮ ಬೆಳಗ್ಗೆಯಿಂದ ಅದನ್ನೇ ಅಲ್ವಾ ಹೇಳಿದ್ದು? ಡ್ಯಾಮಿನಲ್ಲಿ ನಿಲ್ಲಿಸ್ಕೋತಾರೆ. ಬಿಟ್ಟಿದ್ದರಲ್ಲಿ ಒಂದು ಪೈಪು ಕರೆಂಟಿಗೆ, ಇನ್ನೊಂದು ನಿಮ್ಮನೆಗೆ." ಅವನ ಮಾತಿನಲ್ಲಿ ಒಂದಿಷ್ಟೂ ವ್ಯಂಗ್ಯ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಹಾಗಾದ್ರೆ ಬೆಳಗ್ಗೆ ನಾನು ತಲೆಗೆ ಸುರ್ಕೊಂಡಿದ್ದು ಇದೇ ಜಲಪಾತನಾ?" ಅಂತ ಮಗಳು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಅಷ್ಟರಲ್ಲಿ ಕೋತಿಯೊಂದು ಬಂದು ಚಾಕೊಲೇಟಿನ ಚೀಲ ಎತ್ತಿಕೊಂಡು ಹೋಯಿತು. ಕ್ವಿಜ್ ಅಲ್ಲಿಗೇ ಮುಗಿಯಿತು.

ಮಾನ ಉಳಿಸಿಕೊಳ್ಳಲು ವಿದ್ಯುದಾಗಾರ ಬಾಕಿ ಇತ್ತು. ಗೇಟಿನಲ್ಲಿ ಕಾವಲಿನವರು, "ಪರ್ಮಿಷನ್ ಲೆಟರ್ ತಂದಿದ್ದೀರಾ ಸಾರ್?" ಅಂದರು. ತಂದಿರಲಿಲ್ಲ. ಜೇಬಿನಿಂದ ನನ್ನ ಗುರುತಿನ ಚೀಟಿ ತೆಗೆದು ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಇದು ಬ್ಯಾಂಕಿಂದು ಸಾರ್" ಅಂದರು. ಹೌದು ಅಂದೆ. "ಇದು ಕರೆಂಟಿಂದು" ಅಂತ ಹಿಂದಿನ ಗೇಟು ತೋರಿಸಿ, ಚೀಟಿ ವಾಪಸು ಕೊಟ್ಟರು. ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ.

ಅವರ ತಪ್ಪೇನೂ ಇಲ್ಲ. ಮೈಸೂರಿನ ಎಂಜಿನ್ನುಗಳ ಕೆಲಸ ಮುಗಿದಿದೆ, ಮಕ್ಕಳು ಹತ್ತಿ ಕುಣಿಯಬಹುದು. ಕೋಲಾರದ ಗಣಿಯೇ 2001ರಲ್ಲಿ ಮುಚ್ಚಿತು. ಅದಕ್ಕೆಂದು ಹುಟ್ಟಿದ ಈ ಕೇಂದ್ರ ಮಾತ್ರ ಇವತ್ತಿಗೂ ದುಡಿಯುತ್ತಿದೆ. ಡ್ಯೂಟಿಯ ಮೇಲಿರುವ ಯಂತ್ರವನ್ನು ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ನೋಡಲು ಹೋದರೆ ಹೀಗೇ ಆಗುತ್ತದೆ.

ಕೊನೆಗೆ ದಿನ ಉಳಿಸಿದವನು ಮಧ್ಯರಂಗ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ನಡುವೆ ಇವನು. ಒಳಗಿನ ಕಲ್ಲುಹಾಸು ತಣ್ಣಗಿತ್ತು. ಅತ್ತೆ ಕಣ್ತುಂಬ ದರ್ಶನ ಮಾಡಿದರು. ಹೊರಗೆ ಮರದ ನೆರಳಲ್ಲಿ ಊಟಕ್ಕೆ ಕೂತೆವು. ನನ್ನ ಟಿಪ್ಪಣಿಯ ಹಾಳೆಗಳನ್ನು ಹೆಂಡತಿ ಡಬ್ಬಿಗಳ ಕೆಳಗೆ ಹಾಸಿದಳು. ಕೇಳಲಿಲ್ಲ, ಕೇಳಬೇಕು ಅಂತ ನನಗೂ ಅನ್ನಿಸಲಿಲ್ಲ.

ಮೊಸರನ್ನ ಬಡಿಸುತ್ತಾ ಅತ್ತೆ, "ಕೋಲಾರಕ್ಕೋ ಎಲ್ಲಿಗೋ, ನಮ್ಮ ಹೊಲದ ಮೇಲೂ ದೊಡ್ಡ ತಂತಿ ಹೋಗಿತ್ತು" ಅಂದರು. ಅವರ ತವರು ಕನಕಪುರದ ಕಡೆಯ ಹಳ್ಳಿ. "ಕಂಬಕ್ಕೆ ಕಿವಿ ಕೊಟ್ಟರೆ ಗುಂಯ್ ಅನ್ನೋದು. ಹತ್ರ ಹೋದ್ರೆ ಎಳ್ಕೊಂಡುಬಿಡುತ್ತೆ ಅಂತ ಅಮ್ಮ ಬೈಯೋರು. ಇದು ಯಾರ ಮನೆಗಪ್ಪಾ ಹೋಗುತ್ತೆ ಅಂದ್ರೆ ನಮ್ಮಪ್ಪ, ದೊಡ್ಡೋರ ಮನೆಗೆ ಅನ್ನೋರು. ನಮ್ಮನೇಲಿ ಬುಡ್ಡಿದೀಪ. ಸಂಜೆ ಆಯ್ತು ಅಂದ್ರೆ ಲಾಂದ್ರದ ಗಾಜಿಗೆ ಬೂದಿ ಹಾಕಿ ತಿಕ್ಕೋದು ನನ್ನ ಕೆಲಸ. ನಾನು ಸ್ವಿಚ್ಚು ಒತ್ತಿದ್ದು ಮದುವೆ ಆಗಿ ಬೆಂಗಳೂರಿಗೆ ಬಂದ ಮೇಲೇ."

ಮಕ್ಕಳು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಷಾಕ್ ಹೊಡೀತಿರಲಿಲ್ವಾ ಅಜ್ಜಿ? ರಾತ್ರಿ ಹೋಂವರ್ಕ್ ಹೇಗೆ ಮಾಡ್ತಿದ್ರಿ? ತಂತಿಯಿಂದ ಸ್ವಲ್ಪ ಕರೆಂಟು ಕದಿಯಬಹುದಿತ್ತಲ್ಲ? ಕೊನೆಯ ಪ್ರಶ್ನೆಗೆ ಅತ್ತೆ ಬಹಳ ಹೊತ್ತು ನಕ್ಕರು. ಬೆಳಗ್ಗೆಯಿಂದ ನನಗೆ ಒಂದು ಪ್ರಶ್ನೆ ಬಂದಿತ್ತು, ನೀರೆಲ್ಲ ಎಲ್ಲಿ ಹೋಯ್ತು ಅನ್ನುವುದು.

ಒಣ ಬಂಡೆಯ ಕಥೆ ಆಮೇಲೆ ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಓಡಾಡಿತು. "ಏಪ್ರಿಲ್‌ನಲ್ಲಿ ಜಲಪಾತ ನೋಡಬೇಕಾ? ನಮ್ಮ ಭಾವನ ಹತ್ರ ಹೋಗಿ" ಅಂತ ಭಾವಮೈದ ಹಂದರದ ತುಂಬ ಹೇಳಿಕೊಂಡು ಬಂದ. ಆ ನಾಚಿಕೆ ಹಾಗೆ ಸವೆದೂ ಹೋಯಿತು, ಈಗ ನಾನೇ ಮೊದಲು ಹೇಳಿಕೊಂಡು ನಗುತ್ತೇನೆ. ಹೇಳಿಕೊಳ್ಳದೆ ಉಳಿದದ್ದು ಇನ್ನೊಂದು. ಕನಕಪುರ ದಾಟುವಾಗ ನಾನು 92 ಮೈಲಿ ತಂತಿಯ ಬಗ್ಗೆ ಕೂಗುತ್ತಿದ್ದರೆ, ಹಿಂದಿನ ಸೀಟಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನಿದ್ದೆ ಬರುತ್ತಿದೆಯೇನೋ ಅಂದುಕೊಂಡು ದನಿ ಇನ್ನೂ ಏರಿಸಿದ್ದೆ. ಯಾವುದೋ ದೇಶದ ಎಂಜಿನಿಯರನ ಹೆಸರು ನಾಲಿಗೆ ತಿರುಗುವ ಹಾಗೆ ಕಲಿತವನು, ಇಷ್ಟು ವರ್ಷ ಅವರ ಕೈಯಡುಗೆ ಉಂಡು, ನಿಮ್ಮ ಊರಿಗೆ ಕರೆಂಟು ಯಾವಾಗ ಬಂತು ಅತ್ತೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಇದನ್ನು ಮನೆಯಲ್ಲಿ ಯಾರೂ ನನ್ನ ತಪ್ಪು ಅಂತ ಎಣಿಸಿಲ್ಲ. ಅತ್ತೆಯವರಿಗಂತೂ ನೆನಪೂ ಇರಲಿಕ್ಕಿಲ್ಲ. ಅವರಿಗೆ ಆ ದಿನವೆಂದರೆ ಮಧ್ಯರಂಗ.

ಈಗಲೂ ಹಳೆಯ ಕಾರ್ಖಾನೆ ಕಂಡರೆ ಕಾಲು ನಿಲ್ಲುತ್ತದೆ, ಆ ಚಟ ಹೋಗುವಂಥದ್ದಲ್ಲ. ಟಿಪ್ಪಣಿ ಮಾಡಿಕೊಳ್ಳುವುದನ್ನೂ ಬಿಟ್ಟಿಲ್ಲ. ಆದರೆ ಗೇಟಿನ ಹತ್ತಿರ ಟೀ ಮಾರುವವರೋ, ಬೀಡಿ ಸೇದುತ್ತಾ ಕೂತ ಯಜಮಾನರೋ ಸಿಕ್ಕರೆ ಮೊದಲು ಅವರ ಜೊತೆ ಕೂರುತ್ತೇನೆ. ಟಿಪ್ಪಣಿ ಜೇಬಿನಲ್ಲಿರುತ್ತದೆ. ಎಷ್ಟೋ ಸಲ ಅಲ್ಲೇ ಇರುತ್ತದೆ.

ಮತ್ತೊಂದು ವರ್ಷ ಆಗಸ್ಟಿನಲ್ಲಿ ಕನ್ನಂಬಾಡಿ ತುಂಬಿ ನೀರು ಬಿಟ್ಟರು. ಈ ಸಲ ಟಿಟಿ ಬುಕ್ ಮಾಡಿದ್ದು ಭಾವಮೈದ. ಮೈಲಿ ದೂರದಿಂದಲೇ ಸದ್ದು ಕೇಳುತ್ತಿತ್ತು. ಗಗನಚುಕ್ಕಿಯಲ್ಲಿ ಬಂಡೆ ಅನ್ನುವುದೇ ಕಾಣುತ್ತಿರಲಿಲ್ಲ, ತುಂತುರು ಹಾರಿ ಬಂದು ನಮ್ಮ ಕನ್ನಡಕ ಒದ್ದೆ ಮಾಡುತ್ತಿತ್ತು. ಕಾಲಿಡಲು ಜಾಗ ಇರಲಿಲ್ಲ, ಜೋಳದ ಗಾಡಿಗಳೇ ಸಾಲು. ಅಭ್ಯಾಸಬಲ, ಪಕ್ಕದಲ್ಲಿದ್ದ ಅತ್ತೆಯವರ ಕಡೆ ತಿರುಗಿ, "1902ರಲ್ಲಿ..." ಅಂತ ಶುರು ಮಾಡಿಯೇಬಿಟ್ಟೆ. ಆ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ಕಿವಿಗೆ ಕೈ ಒಡ್ಡಿ, "ಏನಂದ್ರಿ?" ಅಂದರು.

"ಜೋಳ ಸುಡಿಸ್ಕೊಂಡು ಬರಲಾ ಅಂದೆ ಅತ್ತೆ!"

"ತನ್ನಿ ತನ್ನಿ. ಖಾರ ಮುಂದಾಗಿ ಹಾಕ್ಸಿ."