ಜರಿಯುವ ಗುಡ್ಡ

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದ ಕಾವಲು ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದುಬಿದ್ದಿತು. ಹತ್ತು ಮಂದಿ ಯೋಧರು ಅದರಡಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರನೆಯ ದಿನ ಜೀವಂತವಾಗಿ ದೊರೆತರೂ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆ ದಿನಗಳಲ್ಲಿ ಹಿಮವನ್ನು ಕಣ್ಣಿನಿಂದ ಕಂಡರಿಯದ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿಯೂ ಹಿಮಕುಸಿತದ ಮಾತೇ ಮಾತಾಗಿತ್ತು. ಅದರ ಒಡಹುಟ್ಟು ತಮ್ಮ ಮನೆಯ ಹಿತ್ತಿಲಲ್ಲಿಯೇ ನಿಂತಿದೆಯೆಂದು ಆಗ ಎಷ್ಟು ಮಂದಿ ನೆನೆದರೋ!

ಹಿಮವಾಗಲಿ ಮಣ್ಣಾಗಲಿ, ಜಾರುವ ಬಗೆ ಬಹುಮಟ್ಟಿಗೆ ಒಂದೇ. ಇಳಿಜಾರು ಕಡಿದಾಗಿರಬೇಕು, ಒಳಗೆ ಎಲ್ಲಿಯೋ ಹಿಡಿತವಿಲ್ಲದ ಪದರವಿರಬೇಕು, ಮೇಲಿನ ಭಾರ ಹೆಚ್ಚಬೇಕು. ಹಿಮಾಲಯದಲ್ಲಿ ಹೊಸ ಹಿಮವು ಹಳೆಯ ಸಡಿಲು ಹಿಮದ ಮೇಲೆ ಕೂಡುತ್ತದೆ. ಘಟ್ಟದ ಬುಡದಲ್ಲಿ ಆ ಕೆಲಸವನ್ನು ಮಳೆ ಮಾಡುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ನಾಡಿದು. ಇಂಗಿದ ನೀರು ಕೆಳಗಿನ ಬಂಡೆಯನ್ನು ಮುಟ್ಟಿ, ಮುಂದೆ ಹೋಗಲು ದಾರಿಯಿಲ್ಲದೆ ಮಣ್ಣಿನಲ್ಲಿಯೇ ತುಂಬಿಕೊಂಡಾಗ, ಮಣ್ಣು ಭಾರವಾಗುವುದಲ್ಲದೆ ತನ್ನ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಮನೆಗಾಗಿಯೋ ರಸ್ತೆಗಾಗಿಯೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ ಆಸರೆ ಮೊದಲೇ ತಪ್ಪಿರುತ್ತದೆ. ಜನರು ಅಂಥ ಕಡಿತವನ್ನು ಬರೆ ಎನ್ನುತ್ತಾರೆ.

2018ರ ಆಗಸ್ಟ್, ಆಟಿ ಕಳೆದು ಸೋಣ ಕಾಲಿಡುವ ಹೊತ್ತು. ಸುಳ್ಯದ ಗಡಿಗೆ ತಾಗಿದ ಕೊಡಗಿನ ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಮರಗಳ ಸಮೇತ ಜರಿದು, ಮನೆಗಳನ್ನೂ ತೋಟಗಳನ್ನೂ ಕೊಚ್ಚಿಕೊಂಡು ಹೋದವು. ಮಡಿಕೇರಿಯ ಹೆದ್ದಾರಿ ಕಡಿದುಹೋಯಿತು. ಉಟ್ಟ ಬಟ್ಟೆಯಲ್ಲಿ ಇಳಿದುಬಂದವರು ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಆಶ್ರಯ ಪಡೆದರು. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದಲ್ಲಿ ಮನೆಯೊಂದರ ಮೇಲೆ ಗುಡ್ಡ ಜರಿದು, ಇಬ್ಬರು ಎಳೆಯ ಅಕ್ಕತಂಗಿಯರು ಮಣ್ಣಿನಡಿ ಪ್ರಾಣ ಬಿಟ್ಟರು. ಶಾಲೆಗೆ ಹೋಗುವ ವಯಸ್ಸು!

ಅದೇ ಸುಬ್ರಹ್ಮಣ್ಯದ ಹಿಂದೆ 1712 ಮೀಟರ್ ಎತ್ತರದ ಕುಮಾರಪರ್ವತವಿದೆ. ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತಗಳನ್ನು ದಾಟಿ ಏರುವ ದಾರಿ ಚಾರಣಿಗರಿಗೆ ಅಚ್ಚುಮೆಚ್ಚು. ಮಳೆಗಾಲದಲ್ಲಿ ಅರಣ್ಯ ಇಲಾಖೆ ಈ ದಾರಿಯನ್ನು ಮುಚ್ಚುತ್ತದೆ. ದೂರದಿಂದ ಬಂದ ತರುಣರು ಇದಕ್ಕೆ ಗೊಣಗುವುದುಂಟು. ಬೆಟ್ಟವೇನು ಓಡಿಹೋಗುವುದಿಲ್ಲವೆಂದು ಅವರಿಗೆ ಸಮಾಧಾನ ಹೇಳುತ್ತಾರೆ. ಘಟ್ಟದ ಬೆಟ್ಟಗಳ ವಿಷಯದಲ್ಲಿ ಆ ಮಾತು ಪೂರ್ತಿ ನಿಜವಲ್ಲ. ಮಂಜು ಮುಸುಕಿದಾಗ ದಾರಿ ಕಾಣದು, ಪಾಚಿಗಟ್ಟಿದ ಬಂಡೆ ಕಾಲನ್ನು ನಿಲ್ಲಗೊಡದು, ಬೆಳಿಗ್ಗೆ ಹಾರಿ ದಾಟಿದ ತೊರೆ ಸಂಜೆಗೆ ಎದೆಮಟ್ಟ ಬಂದಿರುತ್ತದೆ. ಮಳೆ ಬಿಟ್ಟ ಮೇಲೂ ಕೆಲವು ದಿನ ಮಣ್ಣು ನೀರು ಕುಡಿದೇ ಇರುವುದರಿಂದ, ಬಿಸಿಲು ಕಂಡ ಮಾತ್ರಕ್ಕೆ ಕಡಿದಾದ ಬರೆಯ ಕೆಳಗೆ ನಡೆಯುವುದು ಜಾಣತನವಲ್ಲ.

ಗುಡ್ಡ ಜರಿಯುವ ಮುನ್ನ ಹಲವು ವೇಳೆ ಸುಳಿವು ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು ಮೂಡುತ್ತದೆ. ನೆಟ್ಟಗಿದ್ದ ಅಡಕೆಮರ ವಾಲುತ್ತದೆ. ಒಸರಿಲ್ಲದ ಕಡೆ ಕೆಸರುನೀರು ಒಸರತೊಡಗುತ್ತದೆ. ಎಲ್ಲಕ್ಕಿಂತ ಭಯಂಕರವಾದುದು ಮೌನ. ಜಡಿಮಳೆಯ ನಡುವೆ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದರೆ, ಮೇಲೆ ಎಲ್ಲಿಯೋ ಮಣ್ಣು ಅಡ್ಡ ಬಿದ್ದು ನೀರನ್ನು ತಡೆದಿರಬಹುದು. ಆ ಕಟ್ಟೆ ಒಡೆದಾಗ ಬರುವುದು ಬರಿಯ ನೀರಲ್ಲ, ಬಂಡೆ, ಮರ, ಕೆಸರುಗಳ ಪ್ರವಾಹ. ಆಗ ತೋಡಿನುದ್ದಕ್ಕೆ ಕೆಳಗೆ ಓಡಿದವನನ್ನು ಅದು ಹಿಂದಿಕ್ಕುತ್ತದೆ. ಅದರ ಜಾಡಿಗೆ ಅಡ್ಡಲಾಗಿ, ಪಕ್ಕದ ಎತ್ತರಕ್ಕೆ ಏರಬೇಕು. ಸಾಮಾನಿಗಾಗಿ ಮನೆಗೆ ಮರಳಬಾರದು.

ಸಂಪಾಜೆಯ ಕಣಿವೆಯ ಮನೆಗಳಲ್ಲಿ ಈಗ ಮಳೆ ಬಿರುಸಾದ ರಾತ್ರಿ ಬರೆಯ ಕಡೆಯ ಕೋಣೆಯನ್ನು ಬಿಟ್ಟು, ಅಂಗಳದ ಕಡೆಯ ಕೋಣೆಯಲ್ಲಿ ಚಾಪೆ ಹಾಸುವವರಿದ್ದಾರೆ. ಮನೆಯ ಹಿರಿಯರೊಬ್ಬರು ನಿದ್ದೆಗೆಟ್ಟು ತೋಡಿನ ಸದ್ದಿಗೆ ಕಿವಿಗೊಟ್ಟಿರುತ್ತಾರೆ.