ತೆಳುಗಾಳಿಯ ಊರಿನ ಟರ್ಬೊ

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು. ಇಲ್ಲಿನ ಕಿಲೆಲೆಶ್ವಾ ಬಡಾವಣೆಯ ನಮ್ಮ ಮನೆಯಲ್ಲಿ ವರ್ಷದ ಬಹುಪಾಲು ಫ್ಯಾನಿನ ಹಂಗಿಲ್ಲ. ಮನುಷ್ಯರಿಗೆ ಹಿತವಾದ ಈ ಎತ್ತರ ಎಂಜಿನ್ನಿಗೆ ಮಾತ್ರ ಕಷ್ಟ. ಕಡಲ ದಂಡೆಯಲ್ಲಿ 101 ಕಿಲೋಪಾಸ್ಕಲ್ ಇರುವ ಗಾಳಿಯ ಒತ್ತಡ ಇಲ್ಲಿಗೆ ಬರುವ ಹೊತ್ತಿಗೆ 83ರ ಆಸುಪಾಸಿಗೆ ಇಳಿದಿರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಕಾರು ಕಡಲ ದಂಡೆಯ ಮೊಂಬಾಸಾದಲ್ಲಿ ತೋರಿಸುವ ಶಕ್ತಿಯಲ್ಲಿ ಆರರಲ್ಲೊಂದು ಪಾಲನ್ನು ಇಲ್ಲಿ ಕಳೆದುಕೊಂಡಿರುತ್ತದೆ. ನನಗೆ ಟ್ಯೂನಿಂಗ್ ಹುಚ್ಚು ಹತ್ತಿಸಿದ್ದು ಈ ತೆಳುಗಾಳಿಯೇ.

ಈ ಊರಿಗೆ ಸುಬಾರು ಅಂದರೆ ಪಂಚಪ್ರಾಣ. 1997ರ ಸಫಾರಿ ರ‍್ಯಾಲಿಯನ್ನು ಕಾಲಿನ್ ಮೆಕ್ರೇ, 2000ದ್ದನ್ನು ರಿಚರ್ಡ್ ಬರ್ನ್ಸ್ ಗೆದ್ದದ್ದು ಸುಬಾರು ಇಂಪ್ರೆಜಾದಲ್ಲೇ. ವೈಯಾಕಿ ವೇ ರಸ್ತೆಯಲ್ಲಿ ಕಣ್ಣಿಗೆ ಬೀಳುವ ಫಾರೆಸ್ಟರ್, ಲೆಗಸಿಗಳಲ್ಲಿ ಬಹುಪಾಲು ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗೇರಿ ಬಂದವು. ನನ್ನ ಎರಡು ಲೀಟರಿನ ಟರ್ಬೊ ಫಾರೆಸ್ಟರ್ ಕೂಡ ಅಂಥದ್ದೇ. ಕಾರ್ಖಾನೆಯ ಲೆಕ್ಕದಲ್ಲಿ ಅದಕ್ಕೆ 220 ಅಶ್ವಶಕ್ತಿ. ಆದರೆ ಆ ಲೆಕ್ಕ ಹಾಕಿದ್ದು ಜಪಾನಿನ ಪೆಟ್ರೋಲಿಗೆ. ಅಲ್ಲಿ ಪ್ರೀಮಿಯಂ ಎಂದು ಮಾರಬೇಕಾದರೆ ಕನಿಷ್ಠ 96 ಆಕ್ಟೇನ್ (ಪೆಟ್ರೋಲು ತಾನೇ ಸಿಡಿಯದೆ ತಡೆಯುವ ಗುಣದ ಅಳತೆ) ಇರಬೇಕು. ಬಂಕುಗಳಲ್ಲಿ ಸಿಗುವುದು ಸಾಮಾನ್ಯವಾಗಿ 100ರ ಹತ್ತಿರದ್ದು. ಇಲ್ಲಿನ ಸೂಪರ್ ಪೆಟ್ರೋಲು ಆ ದರ್ಜೆಯದಲ್ಲ. ಕಾರು ದೇಶ ಬಿಟ್ಟು ಬಂದರೂ ಅದರ ಇಸಿಯುನಲ್ಲಿ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನಲ್ಲಿ, ಹಳೆಯ ಊರಿನ ಲೆಕ್ಕವೇ ಉಳಿದಿರುತ್ತದೆ.

ಇಸಿಯು ತೆರೆದು ನೋಡಿದರೆ ಕಾಣುವುದು ಮಗ್ಗಿ ಪುಸ್ತಕದಂಥ ಕೋಷ್ಟಕಗಳು. ಒಂದು ಬದಿಗೆ ಎಂಜಿನ್ ವೇಗ, ಇನ್ನೊಂದು ಬದಿಗೆ ಹೊರೆ, ನಡುವಿನ ಒಂದೊಂದು ಮನೆಯಲ್ಲೂ ಒಂದೊಂದು ಅಂಕಿ: ಎಷ್ಟು ಪೆಟ್ರೋಲು, ಎಷ್ಟು ಬೂಸ್ಟ್ (ಟರ್ಬೊ ತುಂಬುವ ಒತ್ತಡ), ಕಿಡಿ ಯಾವಾಗ. ಈ ಕೋಷ್ಟಕಗಳ ಕಟ್ಟಿಗೇ ಮ್ಯಾಪ್ ಎಂದು ಹೆಸರು, ಅದನ್ನು ತಿದ್ದುವುದೇ ಟ್ಯೂನಿಂಗ್. ನನ್ನನ್ನು ಹೆಚ್ಚು ಹೊತ್ತು ಕೂರಿಸುವುದು ಕಿಡಿಯ ಕೋಷ್ಟಕ. ತಡವಾದರೆ ಶಕ್ತಿ ಸೈಲೆನ್ಸರಿನಲ್ಲಿ ಬಿಸಿಯಾಗಿ ಹೊರಟುಹೋಗುತ್ತದೆ. ತೀರಾ ಮುಂಚೆಯಾದರೆ ಸಿಲಿಂಡರಿನೊಳಗೆ ಒತ್ತಡವೂ ಕಾವೂ ಮಿತಿಮೀರಿ, ಇನ್ನೂ ಉರಿಯದೆ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಪಿಸ್ಟನ್ ರಿಂಗುಗಳ ನಡುವಿನ ಅಂಚು ಬಿರುಕು ಬಿಡುವುದು ಇದರಿಂದಲೇ.

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಕೆಲಸ ಶುರು. ಮೊದಲು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಬೇಕು. ಹೊಸ ಮ್ಯಾಪ್ ಬರೆಯುವಾಗ ವೋಲ್ಟೇಜ್ ಕುಸಿದರೆ ಇಸಿಯು ಅರ್ಧಂಬರ್ಧ ಬರೆದ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಹಸಿರು ಬಣ್ಣದ ಎರಡು ಕನೆಕ್ಟರುಗಳಿವೆ. ಅವನ್ನು ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ಚಾಲೂ ಆಗದೆಯೇ ರೇಡಿಯೇಟರ್ ಫ್ಯಾನ್ ಗಿರ್ರೆಂದು ತಿರುಗಿ ನಿಲ್ಲುತ್ತದೆ, ಹಿಂದುಗಡೆ ಪೆಟ್ರೋಲ್ ಪಂಪು ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ, ರಿಲೇಗಳು ಟಿಕ್ ಟಿಕ್ ಎನ್ನುತ್ತವೆ. ಇಸಿಯು ಬರೆಸಿಕೊಳ್ಳಲು ತಯಾರು ಎಂಬುದರ ಗುರುತು ಇದು. ಎಷ್ಟು ಕೇಳಿದರೂ ನನಗೆ ಈ ಸದ್ದು ಹಳತಾಗಿಲ್ಲ. ಕಾರ್ಖಾನೆಯ ಮೂಲ ಮ್ಯಾಪನ್ನು ಓದಿ, ಪ್ರತಿ ತೆಗೆದಿಟ್ಟ ಮೇಲೆಯೇ ಹೊಸದಕ್ಕೆ ಕೈಹಾಕುವುದು.

ಆಮೇಲೆ ಲಿಮುರು ಕಡೆಯ ಏರು. ಗೆಳೆಯನೊಬ್ಬ ಓಡಿಸುತ್ತಾನೆ, ಲ್ಯಾಪ್‌ಟಾಪು ತನ್ನಷ್ಟಕ್ಕೆ ಎಂಜಿನ್ನಿನ ಅಂಕಿಗಳನ್ನು ದಾಖಲಿಸುತ್ತಾ ಹೋಗುತ್ತದೆ. ಮನೆಗೆ ಬಂದು ಆ ಸಾಲುಗಳನ್ನು ಓದುವುದೇ ಇಡೀ ವಾರದ ಸುಖ. ನಾಕ್ ತಿದ್ದುಪಡಿಯ ಕಾಲಮ್ಮಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಇದ್ದಕ್ಕಿದ್ದಂತೆ −1.4. ಅಂದರೆ ಅಲ್ಲಿ ಸೆನ್ಸರಿಗೆ ಏನೋ ಕೇಳಿಸಿದೆ, ಇಸಿಯು ಕಿಡಿಯನ್ನು ಅಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ. ಕೋಷ್ಟಕದಲ್ಲಿ ಆ ಮನೆ ಹುಡುಕಿ, ಕಿಡಿಯನ್ನು ಸ್ವಲ್ಪ ತಡವಾಗಿಸಿ, ಅಲ್ಲಿ ಪೆಟ್ರೋಲನ್ನು ಒಂದಿಷ್ಟು ಹೆಚ್ಚಿಸಿ ಮತ್ತೆ ಬರೆಯುತ್ತೇನೆ. ಮುಂದಿನ ದಾಖಲೆಯಲ್ಲಿ ಕಾಲಮ್ಮಿನ ತುಂಬ ಸೊನ್ನೆಗಳೇ ನಿಂತಾಗ ಆಗುವ ಸಂತೋಷ ಯಾವ ವೇಗದಲ್ಲೂ ಇಲ್ಲ.

ಇದರಿಂದ ಶಕ್ತಿ ಎಷ್ಟು ಹೆಚ್ಚುತ್ತದೆ ಎಂದು ಊರಿನಿಂದ ಫೋನ್ ಮಾಡುವ ತಮ್ಮನೂ ಕೇಳುತ್ತಾನೆ. ಟರ್ಬೊ ಇಲ್ಲದ ಎಂಜಿನ್ನಿಗೆ ಶೇಕಡಾ 5ರ ಸುತ್ತಮುತ್ತ. ಅದಕ್ಕಾಗಿ ದುಡ್ಡು ಸುರಿಯಬೇಕಿಲ್ಲ, ಅಂಥ ಕಾರಿನವರು ಹೊಸ ಪ್ಲಗ್ಗು, ಒಳ್ಳೆಯ ಟೈರು ಹಾಕಿಸಿಕೊಳ್ಳಲಿ. ಟರ್ಬೊ ಇದ್ದರೆ ಶೇಕಡಾ 15ರಿಂದ 25ರವರೆಗೂ ಸಿಗಬಹುದು, ಡೀಸೆಲ್ ಟರ್ಬೊದಲ್ಲಂತೂ ಕಾಲು ಒತ್ತಿದ ಕೂಡಲೇ ಗೊತ್ತಾಗುತ್ತದೆ. ಆದರೆ ಶಕ್ತಿ ಅಳೆಯುವ ಡೈನೊ ಯಂತ್ರ ಕೊಡುವ ಚೀಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಎತ್ತರದ ಊರಿನಲ್ಲಿ ಅದರ ಸಾಫ್ಟ್‌ವೇರು ತೆಳುಗಾಳಿಯ ಕೊರತೆ ತುಂಬಲೆಂದು ಅಳತೆ ಮಾಡಿದ್ದಕ್ಕೆ ಶೇಕಡಾ 20ರ ಹತ್ತಿರ ಕೂಡಿಸಿ ತೋರಿಸುತ್ತದೆ. ಟರ್ಬೊ ಇಲ್ಲದ ಕಾರಿಗೆ ಆ ಲೆಕ್ಕ ಸರಿ. ಟರ್ಬೊ ತನ್ನ ಗಾಳಿಯ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಂಡಿರುವುದರಿಂದ ಅದಕ್ಕೆ ಇದು ಪುಕ್ಕಟೆ ಬಡ್ತಿ. ಒಂದೇ ಡೈನೊದಲ್ಲಿ, ಒಂದೇ ದಿನ, ಏನೂ ಕೂಡಿಸದೆ ತೆಗೆದ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಹೋಲಿಸಿದರೆ ನಿಜ ಸಿಗುತ್ತದೆ.

ಅಪಾಯ ಅಡಗಿರುವುದೂ ಈ ಗಾಳಿಯಲ್ಲೇ. ಎಂಜಿನ್ನಿಗೆ 200 ಕಿಲೋಪಾಸ್ಕಲ್ ಒತ್ತಡದ ಗಾಳಿ ಬೇಕೆಂದರೆ ಮೊಂಬಾಸಾದಲ್ಲಿ ಟರ್ಬೊ ಎರಡು ಪಟ್ಟು ಒತ್ತಿದರೆ ಸಾಕು. ಕಿಲೆಲೆಶ್ವಾದಲ್ಲಿ ಅದು ಎರಡೂವರೆ ಪಟ್ಟಿನ ಹತ್ತಿರ ದುಡಿಯಬೇಕು. ಟರ್ಬೊ ಇನ್ನಷ್ಟು ಜೋರಾಗಿ ತಿರುಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ, ಕಾದ ಗಾಳಿ ನಾಕಿಂಗನ್ನು ಹತ್ತಿರಕ್ಕೆ ಕರೆಯುತ್ತದೆ. ಕಡಲತೀರದ ಯಾವುದೋ ದೇಶದಲ್ಲಿ ಸಿದ್ಧವಾದ ಮ್ಯಾಪನ್ನು ತಂದು ಇಲ್ಲಿನ ಕಾರಿಗೆ ಸುರಿಯುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಕಾರ್ಖಾನೆಯವರು ಹತ್ತಾರು ದೇಶಗಳ ಬಿಸಿಲು, ಪೆಟ್ರೋಲು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದ ಒಡೆಯರು, ಎಲ್ಲವನ್ನೂ ನೆನೆದು ಒಂದಿಷ್ಟು ಶಕ್ತಿಯನ್ನು ಕಾದಿಟ್ಟಿರುತ್ತಾರೆ. ಟ್ಯೂನಿಂಗ್ ಅಂದರೆ ಆ ಗಂಟಿನಿಂದ ಒಂದು ಪಾಲು ತೆಗೆದು ಖರ್ಚು ಮಾಡುವುದು. ಗಂಟನ್ನೆಲ್ಲ ಬರಿದು ಮಾಡುವುದು ತರವಲ್ಲ.

ಇಲ್ಲಿನ ಒಬ್ಬ ಅನುಭವಿ ಫುಂಡಿ (ಮೆಕ್ಯಾನಿಕ್) ಮ್ಯಾಪಿನ ಮಾತು ಎತ್ತುವ ಮೊದಲೇ ಕಂಪ್ರೆಷನ್ ಅಳೆಯುತ್ತಾರೆ, ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ, ಇಂಟರ್‌ಕೂಲರಿನ ಪೈಪುಗಳಲ್ಲಿ ಸೋರಿಕೆ ಹುಡುಕುತ್ತಾರೆ. ಎಂಜಿನ್ ಬಳಲಿದ್ದರೆ ಕೈಮುಗಿದು ವಾಪಸ್ ಕಳಿಸುತ್ತಾರೆ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ನಿರಾಕರಣೆಯಿಂದ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆದು, ಹೊಗೆ ಉಗುಳಿಸಿ ಪಡೆಯುವ ಅಶ್ವಶಕ್ತಿ ನನಗೂ ಬೇಡ. ಆ ಹೊಗೆ ಕುಡಿಯುವವರು ರಸ್ತೆಬದಿ ನಡೆಯುವ ಮಕ್ಕಳು.

ನನ್ನ ಫಾರೆಸ್ಟರಿಗೆ ನಾನು ಗರಿಷ್ಠ ಶಕ್ತಿ ಕೇಳಲಿಲ್ಲ. 2,500ರಿಂದ 4,000 ಆರ್‌ಪಿಎಂ ನಡುವೆ ತುಂಬಿಕೊಂಡ ಎಳೆತ ಕೇಳಿದೆ, ಅದು ಸಿಕ್ಕಿದೆ. ಲಿಮುರು ಏರಿನಲ್ಲಿ ಲಾರಿ ದಾಟಲು ಈಗ ಗೇರು ಇಳಿಸಬೇಕಿಲ್ಲ, ನಾಕ್ ಕಾಲಮ್ಮಿನಲ್ಲಿ ಸೊನ್ನೆ ಕದಲುವುದಿಲ್ಲ. ಗಟ್ಟಿಯಾದ ಎಂಜಿನ್, ಈ ಊರಿನ ಗಾಳಿಗೂ ಪೆಟ್ರೋಲಿಗೂ ಬರೆದ ಮ್ಯಾಪು, ಸಾಕು ಎನ್ನಬಲ್ಲ ಟ್ಯೂನರ್, ಈ ಮೂರೂ ಕೂಡಿಬಂದರೆ ಟ್ಯೂನಿಂಗ್ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೆಲಸ. ಒಂದು ತಪ್ಪಿದರೂ ಕಾರ್ಖಾನೆಯ ಮ್ಯಾಪೇ ವಾಸಿ.